ಹ್ಯಾಂಗರ್ ಬಾಗಿಲಲ್ಲಿ ಹತ್ತೊಂಬತ್ತು ಹಸುಗಳು

ನಲವತ್ತು ಜನ ನಾವಿಕರು ಸೇರಿ ಒಂದು ಹಸುವನ್ನು ತಳ್ಳುತ್ತಿದ್ದರು. ಹಸು ಒಂದಿಂಚೂ ಅಲುಗಲಿಲ್ಲ.

"ಇನ್ನೊಂದ್ಸಲ! ಒಂದು, ಎರಡು, ಮೂರು!" ಎಂದು ಚೀಫ್ ಹಾಲೋರನ್ ಗರ್ಜಿಸಿದ. ಆತನ ಗಂಟಲೆಂದರೆ ಸಾಮಾನ್ಯದ್ದಲ್ಲ. ಆತ ಆರೆಗಾನ್‌ನಲ್ಲಿ ಸೀನಿದರೆ ಜಪಾನಿನಲ್ಲಿ ಕಿಟಕಿಗಳು ಅದುರುತ್ತಿದ್ದವು. ಹಸು ಮಾತ್ರ ಕಿವಿ ಒದರಿ, ಬಾಗಿಲ ಕಂಬವನ್ನು ನೆಕ್ಕುತ್ತಲೇ ಇತ್ತು.

ಅಷ್ಟರಲ್ಲಿ ಪುಸ್ತಕದ ಚೀಲ ಸೊಂಟಕ್ಕೆ ಬಡಿಸಿಕೊಳ್ಳುತ್ತ ಪಕ್ಕದ ಹೊಲದ ಹುಡುಗಿ ವೆರೀನಾ ಓಡಿ ಬಂದಳು. ಶಾಲೆಯ ಬಸ್ಸಿನಿಂದಲೇ ಅವಳಿಗೆ ಕಂಡಿತ್ತು. ತಮ್ಮ ಹೊಲದ ಗೇಟು ಹಾರುಹೊಡೆದಿದೆ, ಒಳಗೆ ಒಂದು ಹಸುವೂ ಇಲ್ಲ. ಬೆಳಿಗ್ಗೆ ಆ ಗೇಟು ದಾಟಿ ಬಂದವಳು ಅವಳೊಬ್ಬಳೇ. ಚಿಲಕ ಹಾಕಿದ್ದೆನೇ? ನೆನಪಾಗಲಿಲ್ಲ. ನೆನಪಾದದ್ದು ಒಂದೇ: ಆ ಹೊತ್ತಿಗೆ ನೌಕಾದಳದ ಬ್ಲಿಂಪ್, ಆ ದೊಡ್ಡ ವಾಯುನೌಕೆ, ಮೇಲೇಳುತ್ತಿತ್ತು, ಅವಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

"ಡಚೆಸ್!" ಎಂದು ಅವಳು ಆ ಹಸುವನ್ನು ಕೂಗಿದಳು.

"ನಿಮ್ಮದೇನಮ್ಮಾ ಈ ದೆವ್ವ?" ಎಂದ ಕಾವಲಿನ ಪಾಸ್ಕಲ್. ಅವನು ನ್ಯೂಯಾರ್ಕಿನವನು. ಹಾಲು ಬಾಟಲಿಯಲ್ಲೇ ಹುಟ್ಟುತ್ತದೆಂದು ನಂಬಿ ಬೆಳೆದವನು. "ಒಂದನ್ನ ಆಚೆ ತಳ್ಳಿದ್ರೆ ಎರಡು ಒಳಗೆ ಬರ್ತವೆ!"

ಬಾಗಿಲೆಂದರೆ ಮನೆಯ ಬಾಗಿಲಲ್ಲ. ಯುದ್ಧದ ಉಕ್ಕೆಲ್ಲ ಹಡಗು, ಟ್ಯಾಂಕುಗಳಿಗೆ ಹೋದದ್ದರಿಂದ ವಾಯುನೌಕೆ ನಿಲ್ಲಿಸುವ ಆ ಹ್ಯಾಂಗರನ್ನು ಪೂರ್ತಿ ಮರದಲ್ಲೇ ಕಟ್ಟಿದ್ದರು. ಕಣಿವೆಯ ಹಸುಗಳನ್ನೆಲ್ಲ ಒಂದರ ಮೇಲೊಂದು ನಿಲ್ಲಿಸಿದರೂ ಸೂರು ಮುಟ್ಟುತ್ತಿರಲಿಲ್ಲ. ಒಳಗೇ ಮೋಡ ಕಟ್ಟಿ, ಒಳಗೇ ಮಳೆ ಸುರಿದು, ಇಲಿಗಳು ಕೊಡೆ ಹಿಡಿದು ಓಡಾಡುತ್ತಿದ್ದವು. ಅದರ ಬಾಗಿಲು ಹಳಿಗಳ ಮೇಲೆ ರೈಲಿನಂತೆ ಉರುಳಬೇಕು. ಈಗ ಹಳಿಗಳ ಮೇಲೆ ಹತ್ತೊಂಬತ್ತು ಹಸುಗಳು!

"ಚೀಫ್, ಬಂತು!" ಎಂದು ಯಾರೋ ಕೂಗಿದರು.

ಸಮುದ್ರದ ಕಡೆಯಿಂದ ಬೆಳ್ಳಿ ಬಣ್ಣದ ವಾಯುನೌಕೆ ಓಲಾಡುತ್ತ ಬರುತ್ತಿತ್ತು. ಅದರ ಬೆನ್ನಿಗೇ ಕಪ್ಪು ಬಿರುಗಾಳಿ.

"ಇಂಧನ ತಳ ಕಂಡಿದೆ. ಹತ್ತು ನಿಮಿಷದಲ್ಲಿ ಒಳಗೆ ತರಬೇಕು," ಎಂದ ಹಾಲೋರನ್. "ಇಲ್ಲಾಂದ್ರೆ ಗಾಳಿ ಅದನ್ನ ಗುಡ್ಡಕ್ಕೆ ಬಡಿಯುತ್ತೆ. ಒಳಗೆ ಒಂಬತ್ತು ಜನ ಇದಾರೆ."

ವೆರೀನಾ ವಾಯುನೌಕೆಯತ್ತ ನೋಡಿದಳು. ಒಂಬತ್ತು ಜನ. ಒಂದು ಚಿಲಕ.

"ಹಗ್ಗ ಕಟ್ಟಿ ಎಳೀರೋ!"

"ಎಳೀಬೇಡಿ ಸಾರ್!" ಎಂದು ವೆರೀನಾ ನಡುವೆ ನುಗ್ಗಿದಳು. "ಎಳೆದಷ್ಟೂ ಅವಳು ಹಿಂದಕ್ಕೇ ಜಗ್ತಾಳೆ. ಇದೇನು ಬ್ಲಿಂಪಾ, ಎಳೆದ ಕಡೆ ಬರೋಕೆ?"

"ಮತ್ತೇನು ಮಾಡ್ಲಿ, ಕೈಮುಗಿದು ಬೇಡ್ಕೊಳ್ಳಲಾ?"

ಅವಳು ಹಸುಗಳನ್ನು ನೋಡಿದಳು. ಹತ್ತೊಂಬತ್ತು ನಾಲಿಗೆಗಳೂ ಮರವನ್ನೇ ನೆಕ್ಕುತ್ತಿದ್ದವು. ಹುಲ್ಲಿಲ್ಲ, ನೀರಿಲ್ಲ, ಬರೀ ಮರ. ಅವಳು ಬಗ್ಗಿ ತಾನೂ ಕಂಬವನ್ನು ಒಮ್ಮೆ ನೆಕ್ಕಿದಳು.

"ಅಯ್ಯೋ, ಇವಳಿಗೂ ಹಿಡೀತು!" ಎಂದ ಪಾಸ್ಕಲ್.

"ಉಪ್ಪು!"

"ಥೂ, ಉಗುಳು ಮರಿ!" ಎಂದ ಹಾಲೋರನ್. "ಬೆಂಕಿ ಹತ್ತಬಾರದು ಅಂತ ಮರಕ್ಕೆಲ್ಲ ಉಪ್ಪಿನ ಮದ್ದು ಕುಡಿಸಿದಾರೆ."

ವೆರೀನಾ ಉಗುಳಿ, ಬಾಯಿ ಒರೆಸಿಕೊಂಡಳು. "ನಿಮ್ಮ ಅಡುಗೆಮನೇಲಿ ಉಪ್ಪು ಎಷ್ಟಿದೆ?"

ಹಾಲೋರನ್ ಅರ್ಧ ಕ್ಷಣ ಅವಳನ್ನು ನೋಡಿದ. ಆಮೇಲೆ ಅಡುಗೆಮನೆಯ ಕಡೆಗೆ ತಿರುಗಿ "ಉಪ್ಪೂ!" ಎಂದು ಕೂಗಿದ. ಆ ಕೂಗಿಗೆ ಅಲ್ಲಿನ ಪಾತ್ರೆಗಳೆಲ್ಲ ತಾವಾಗಿಯೇ ನೆಲಕ್ಕಿಳಿದವು. ಅಡುಗೆಯವನು ಮೂಟೆ ಹೊತ್ತುಕೊಂಡು ಓಡಿ ಬಂದ.

ವೆರೀನಾ ಒಂದು ಹಿಡಿ ಉಪ್ಪನ್ನು ಡಚೆಸ್‌ಳ ಮೂಗಿನ ಕೆಳಗೆ ಹಿಡಿದಳು. "ಬಾ ಚಿನ್ನ. ಆ ಕಹಿ ಮರ ಯಾಕೆ? ಬಾ, ಬಾ."

ಡಚೆಸ್ ಮೂಸಿದಳು. ನಾಲಿಗೆ ಚಾಚಿದಳು. ಒಂದು ಹೆಜ್ಜೆ ಇಟ್ಟಳು.

"ಹಿಂಡಿಗೆ ಇವಳೇ ಯಜಮಾನಿ," ಎಂದು ವೆರೀನಾ ಪಿಸುಗುಟ್ಟಿದಳು. "ಇವಳು ಹೊರಟ್ರೆ ಎಲ್ಲರೂ ಹೊರಟ ಹಾಗೆ. ಯಾರೂ ಕೂಗ್ಬೇಡಿ."

ಹಾಲೋರನ್ ತನ್ನ ಬಾಯನ್ನು ತಾನೇ ಕೈಯಿಂದ ಮುಚ್ಚಿಕೊಂಡ. ವೆರೀನಾ ಉಪ್ಪು ಚೆಲ್ಲುತ್ತ ಮುಂದೆ ಮುಂದೆ ನಡೆದಳು. ಅವಳ ಹಿಂದೆ ಡಚೆಸ್, ಡಚೆಸ್ ಹಿಂದೆ ಹದಿನೆಂಟು ಹಸುಗಳು, ರಾಣಿಯ ಮೆರವಣಿಗೆಯಂತೆ ಸಾಲಾಗಿ ಹಳಿ ದಾಟಿ ಹುಲ್ಲಿಗಿಳಿದವು.

ಗಡಗಡ ಎಂದು ಬಾಗಿಲು ಉರುಳಿತು. ನಲವತ್ತು ಜನ ಬಯಲಿಗೆ ಓಡಿ, ಮೇಲಿನಿಂದ ಇಳಿದ ಹಗ್ಗಗಳಿಗೆ ಜೋತುಬಿದ್ದರು. ಗಾಳಿ ಅತ್ತ ಎಳೆಯಿತು, ಅವರು ಇತ್ತ ಎಳೆದರು. ವಾಯುನೌಕೆಯ ಮೂಗು ಒಳಗೆ, ಹೊಟ್ಟೆ ಒಳಗೆ, ಬಾಲವೂ ಒಳಗೆ! ಬಾಗಿಲು ಮುಚ್ಚಿತೋ ಇಲ್ಲವೋ, ಬಿರುಗಾಳಿ ಬಂದು ಸಿಟ್ಟಿನಿಂದ ಅದಕ್ಕೆ ಗುದ್ದಿತು.

ಒಂಬತ್ತು ಜನರೂ ಒಬ್ಬೊಬ್ಬರಾಗಿ ಕೆಳಗಿಳಿದರು. ವೆರೀನಾ ಬೆರಳು ಮಡಿಚಿ ಎಣಿಸಿದಳು.

"ಹಸು ಹುಡುಗಿಗೆ ಜೈ!" ನಾವಿಕರು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿದರು. ಆ ಜೈಕಾರ ಕೇಳಿ ಪೆಸಿಫಿಕ್ ಸಾಗರವೇ ಎರಡು ಮಾರು ಹಿಂದೆ ಸರಿಯಿತು.

ಹಾಲೋರನ್ ಮಾತ್ರ ಪಾಸ್ಕಲ್‌ನತ್ತ ತಿರುಗಿದ. "ಹತ್ತೊಂಬತ್ತು ಹಸು ಒಳಗೆ ಬರೋವಾಗ ನಿನ್ನ ಕಣ್ಣು ಎಲ್ಲಿತ್ತೋ? ಒಂದು ತಿಂಗಳು ರಜೆ ಇಲ್ಲ!"

ಪಾಸ್ಕಲ್ ತಲೆ ತಗ್ಗಿಸಿದ. ಹೆಗಲ ಮೇಲಿದ್ದ ವೆರೀನಾಗೆ ಅವನ ಕೆಂಪಾದ ಕಿವಿಗಳು ಕಾಣಿಸಿದವು.

"ನನ್ನ ಕೆಳಗಿಳಿಸಿ," ಎಂದಳು.

ಅವರು ಇಳಿಸಿದರು.

"ಗೇಟಿಗೆ ಚಿಲಕ ಹಾಕದೇ ಇದ್ದವಳು ನಾನು, ಸಾರ್. ಬ್ಲಿಂಪ್ ಏಳ್ತಿತ್ತು. ನೋಡ್ತಾ ಮರೆತೇ ಹೋಯ್ತು."

ಪಾಸ್ಕಲ್ ಮೆಲ್ಲಗೆ ಕತ್ತೆತ್ತಿದ. "ನಾನೂ ಅದನ್ನೇ ನೋಡ್ತಿದ್ದೆ ಚೀಫ್. ವಾಪಸ್ ಬರುತ್ತೋ ಇಲ್ಲವೋ ಅಂತ."

"ಸರಿ, ರಜೆಯ ಮಾತು ಬಿಡು," ಎಂದ ಹಾಲೋರನ್, ಈ ಸಲ ಕೂಗದೆ. ಆಮೇಲೆ ತಲೆಯೆತ್ತಿ, ಸೂರಿನ ಕೆಳಗೆ ತೇಲುತ್ತಿದ್ದ ಆ ಬೆಳ್ಳಿ ಹೊಟ್ಟೆಯನ್ನು ನೋಡುತ್ತ ನಿಂತ. ನಲವತ್ತು ಜನರೂ ನೋಡಿದರು.

ಪಾಸ್ಕಲ್ ಸ್ವಲ್ಪ ಸರಿದು ಜಾಗ ಬಿಟ್ಟ. ವೆರೀನಾ ಹೋಗಿ ಅವನ ಪಕ್ಕ ನಿಂತು, ತಾನೂ ತಲೆಯೆತ್ತಿದಳು.