ಭೋಗ್ಯದ ಮನೆಯ ಹುಡುಗಿ

"ಯಾರ್ರೀ ಅದು ಸೂರಿನ ಮೇಲೆ? ಇಳೀತೀರೋ ಇಲ್ಲಾ ಒನಕೆ ತರ್ಲೋ?"

ಪಿರಿಯಾಪಟ್ಟಣದ ಆ ಮನೆಯ ನಡುಮನೆಯಲ್ಲಿ ನಿಂತು ಸುಂದ್ರಮ್ಮ ಕೂಗಿದ ಕೂಗಿಗೆ ಹಿತ್ತಲಿನ ಎಮ್ಮೆಯೂ ತಲೆಯೆತ್ತಿ ನೋಡಿತು. ಹದಿನಾರು ವರ್ಷದ ಹುಡುಗಿ, ಮನೆಯಲ್ಲಿ ಒಬ್ಬಳೇ. ಎದೆ ಡವಡವ ಅನ್ನುತ್ತಿದ್ದರೂ ಬಾಯಿಗೇನೂ ಕಮ್ಮಿ ಇರಲಿಲ್ಲ.

ತಲೆಯ ಮೇಲೆ ನಾಲ್ಕು ಹೆಂಚು ಸರಿದವು. ಬಿಸಿಲು ಒಳಗೆ ಬಿತ್ತು. ಆ ಕಿಂಡಿಯಲ್ಲಿ ಒಂದು ಮುಖ... ಬೆವರು, ಧೂಳು, ಮೀಸೆಗೆ ಅಂಟಿದ ಜೇಡರ ಬಲೆ. ಅಷ್ಟರ ನಡುವೆಯೂ ಕಣ್ಣು ನಗುತ್ತಿದ್ದವು!

"ಮನೆ ಯಜಮಾನ ಕಣವ್ವ," ಎಂದಿತು ಆ ಮುಖ.

"ಮನೆ ಯಜಮಾನ್ರು ನಮ್ಮಪ್ಪಯ್ಯ! ಸಂತೆಗೋಗವ್ರೆ."

"ನಿಮ್ಮಪ್ಪಯ್ಯ ಭೋಗ್ಯಕ್ಕಿರೋರು. ನಾನು ನೀಲಕಂಠಸ್ವಾಮಿ. ನೀನು ನಿಂತಿದೀಯಲ್ಲ, ಅದರ ಪಕ್ಕದ ಕೋಣೇಲೇ ನಾನು ಹುಟ್ಟಿದ್ದು. ಮಳೆಗಾಲಕ್ಕೆ ಮುಂಚೆ ಒಡೆದಿದ್ದು ತೆಗೆದು ಹೊಸದು ಹಾಕಿ ಹೆಂಚು ಕೈಯಾಡಿಸೋಕೆ ಬಂದಿದೀನಿ. ಒನಕೆ ಬೇಡ, ಒಂದು ಚೊಂಬು ನೀರು ಕೊಡು."

ಸುಂದ್ರಮ್ಮನಿಗೆ ನಾಚಿಕೆಯಾಯಿತು. ನೀರಿನ ಬದಲು ಮಜ್ಜಿಗೆ ಕೊಟ್ಟಳು.

ಭೋಗ್ಯವೆಂದರೆ ಗೊತ್ತಲ್ಲ? ಸಾಲ ಕೊಟ್ಟವರು ಮನೆಯಲ್ಲಿ ಇರುತ್ತಾರೆ. ಬಡ್ಡಿಯಿಲ್ಲ, ಬಾಡಿಗೆಯಿಲ್ಲ. ಕೊಟ್ಟ ಅಸಲನ್ನು ಪೂರ್ತಿ ಒಂದೇ ಸಲ ತಂದಿಟ್ಟ ದಿನ ಮನೆ ಒಡೆಯನಿಗೆ ವಾಪಸ್ಸು. ನೀಲಕಂಠಸ್ವಾಮಿಯ ತಂದೆ ಯಾರಿಗೋ ಜಾಮೀನು ನಿಂತು ಮುಳುಗಿ, ಒಂಬೈನೂರು ರೂಪಾಯಿಗೆ ಈ ಮನೆಯನ್ನು ಸಿದ್ದಮಲ್ಲಪ್ಪನವರಿಗೆ ಬರೆದುಕೊಟ್ಟು ಕಣ್ಣುಮುಚ್ಚಿದ್ದರು. ಆ ಸಿದ್ದಮಲ್ಲಪ್ಪನವರೇ ಸುಂದ್ರಮ್ಮನ ಅಪ್ಪ. ಹೊಗೆಸೊಪ್ಪಿನ ವ್ಯಾಪಾರ ಬಿಟ್ಟ ಮೇಲೆ ಅವರ ಹತ್ತಿರ ಇದ್ದ ಗಂಟೆಲ್ಲ ಆ ಮನೆಯಲ್ಲೇ ಕೂತಿತ್ತು. ಹೆಂಡತಿ ತೀರಿಹೋಗಿದ್ದಳು. ಇದ್ದವಳು ಮಗಳೊಬ್ಬಳೇ.

ಮಜ್ಜಿಗೆ ಕುಡಿಯುತ್ತ ನೀಲಕಂಠಸ್ವಾಮಿ ಹೇಳಿದ, "ಹುಣಸೂರಿನ ಮರದ ಡಿಪೋದಲ್ಲಿ ದಿಮ್ಮಿಗೆ ನಂಬರು ಹಾಕೋ ಕೆಲಸ ನಂದು. ತಿಂಗಳಿಗೆ ನಾಲ್ಕು ರೂಪಾಯಿ ಉಳಿಸ್ತೀನಿ. ಈಗ ಇಪ್ಪತ್ನಾಲ್ಕು ನಂಗೆ. ನಲವತ್ಮೂರಕ್ಕೆ ಈ ಮನೆ ಬಿಡಿಸ್ಕೋತೀನಿ."

"ನಲವತ್ಮೂರಾ! ಅಷ್ಟೊತ್ತಿಗೆ ನಿಮ್ಮ ಹೆಂಡ್ರು ಮಕ್ಕಳು..."

"ಮನೆ ಬಿಡಿಸೋವರ್ಗೂ ಮದುವೆ ಇಲ್ಲ. ಸ್ವಂತ ಸೂರಿಲ್ಲದೋನಿಗೆ ಹೆಣ್ಣು ಯಾರು ಕೊಡ್ತಾರೆ? ಕೊಟ್ರೂ ನಾನು ಆಗಾಕಿಲ್ಲ. ಮನೆ ಬಿಡಿಸ್ತೀನಿ ಅಂತ ಅವ್ವ ಸಾಯೋವಾಗ ಮಾತು ಕೊಟ್ಟಿದೀನಿ."

ಹೇಳಿ ಏಣಿ ಹತ್ತಿದ. ಸುಂದ್ರಮ್ಮ ಖಾಲಿ ಚೊಂಬು ಹಿಡಿದು ನಿಂತೇ ಇದ್ದಳು. ಯಾರೋ ಏನೋ, ಇವನಿಗೆ ಮದುವೆ ಆದರೆಷ್ಟು ಬಿಟ್ಟರೆಷ್ಟು... ಹಾಗಂದುಕೊಳ್ಳುತ್ತಲೇ ಇನ್ನೊಂದು ಚೊಂಬು ಮಜ್ಜಿಗೆ ತುಂಬಲು ಒಳಗೆ ಹೋದಳು.

ಮುಂದಿನ ವರ್ಷ ಹೆಂಚು ಕೈಯಾಡಿಸುವ ದಿನಕ್ಕಾಗಿ ಅವಳು ಯುಗಾದಿಯಿಂದಲೇ ಕಾದಳು. ಬಂದ. ಇಡೀ ದಿನ ಸೂರಿನ ಮೇಲಿದ್ದ. ಮೇಲಿನಿಂದ ಅವನು ಮಾತಾಡಿದ, ಕೆಳಗಿನಿಂದ ಇವಳು ಉತ್ತರ ಕೊಟ್ಟಳು. ಸಂಜೆಗೆ ಹೊರಟುಹೋದ. ಇನ್ನು ಒಂದು ವರ್ಷ! ಮುನ್ನೂರ ಅರವತ್ತೈದು ದಿನ! ಹೆಣ್ಣುಮಗಳು ಹುಣಸೂರಿಗೆ ಹೋಗಿ ನಿಲ್ಲುವುದುಂಟೆ? ಕಾಗದ ಬರೆಯುವುದುಂಟೆ?

ಆಗ ಹೊಳೆಯಿತು ಆ ಹಾಳು ಉಪಾಯ.

ಅಪ್ಪಯ್ಯ ಇಲ್ಲದ ಮಧ್ಯಾಹ್ನ ಬಿದಿರಿನ ಗಳ ತಂದು ನಡುಮನೆಯಲ್ಲಿ ನಿಂತು ಮೇಲಕ್ಕೆ ತಿವಿದಳು. ಎಂಟು ಹತ್ತು ಹೆಂಚು ಚೂರುಚೂರು.

"ಅಪ್ಪಯ್ಯ, ಕೋತಿಗಳು ಕುಣಿದು ಹೆಂಚೆಲ್ಲ ಪುಡಿ ಮಾಡವೆ! ಹುಣಸೂರಿಗೆ ಹೇಳಿ ಕಳಿಸಿ."

ಎರಡು ದಿನಕ್ಕೆ ನೀಲಕಂಠಸ್ವಾಮಿ ಏಣಿ ಹತ್ತಿದ. ಸುಂದ್ರಮ್ಮನ ಮುಖ ನೋಡಬೇಕಿತ್ತು ಆಗ!

ವರ್ಷಕ್ಕೆ ಮೂರು ಸಲ ಕೋತಿ ಬಂದವು. ಆರು ವರ್ಷ ಬಂದವು. ಇದರಿಂದ ನೀಲಕಂಠಸ್ವಾಮಿಗೂ ಒಳ್ಳೇದೇ ಅಂದುಕೊಂಡಿದ್ದಳು ಹುಚ್ಚು ಹುಡುಗಿ. ಅಪ್ಪಯ್ಯ ಕೂಲಿ ಕೊಡುತ್ತಾರೆ, ಅವರ ಗಂಟಿಗೂ ನಾಲ್ಕು ಕಾಸು ಸೇರುತ್ತದೆ, ಬೇಗ ಮನೆ ಬಿಡಿಸಿಕೊಳ್ಳುತ್ತಾರೆ, ಆಮೇಲೆ...

ಅಯ್ಯೋ, ಭೋಗ್ಯದ ಪತ್ರದಲ್ಲಿ ಏನು ಬರೆದಿತ್ತೆಂದು ಅವಳಿಗೇನು ಗೊತ್ತು? ಸೂರಿನ ಖರ್ಚೆಲ್ಲ ಮನೆಯ ಒಡೆಯನದು ಎಂದು ಬರೆದಿತ್ತು. ಹೆಂಚಿನ ದುಡ್ಡು, ಬಸ್ಸಿನ ದುಡ್ಡು, ಕೆಲಸ ತಪ್ಪಿದ ದಿನದ ಸಂಬಳ ಎಲ್ಲವೂ ನೀಲಕಂಠಸ್ವಾಮಿಯ ಜೇಬಿನಿಂದಲೇ ಹೋಗುತ್ತಿತ್ತು. ಅವಳು ಅವನನ್ನು ನೋಡಬೇಕೆಂದು ಗಳ ಎತ್ತಿದಾಗಲೆಲ್ಲ ಮನೆ ಅವನಿಂದ ಇನ್ನಷ್ಟು ದೂರ ಹೋಗುತ್ತಿತ್ತು.

ಹದಿನೆಂಟನೆಯ ಸಲ ಅವನು ಸೂರಿನ ಮೇಲೆ ಕೂತು ಒಡೆದ ಹೆಂಚನ್ನು ತಿರುಗಿಸಿ ಮುರುಗಿಸಿ ನೋಡಿದ. ಚೂರುಗಳು ಕೆಳಗೆ ಬಿದ್ದಿರಲಿಲ್ಲ. ಮೇಲಕ್ಕೆ ಎಗರಿ ಅಕ್ಕಪಕ್ಕದ ಹೆಂಚಿನ ಮೇಲೆ ಬಿದ್ದಿದ್ದವು. ದಡದಡ ಇಳಿದು ಬಂದ. ಜಗುಲಿಯ ಮೇಲೆ ಸಿದ್ದಮಲ್ಲಪ್ಪ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

"ಯಜಮಾನ್ರೇ, ನಿಮ್ಮೂರ ಕೋತಿಗಳು ಮನೆಯೊಳಗೆ ನಿಂತ್ಕೊಂಡು ಹೆಂಚು ಒಡೀತವಾ?"

"ಏನಂತ ಮಾತಾಡ್ತೀಯಪ್ಪ?"

"ಒಳಗಿಂದ ತಿವಿದು ಒಡೆದವ್ರೆ. ಈ ಮನೆ ಯಾವತ್ತೂ ನನ್ನ ಕೈಗೆ ಬರಬಾರ್ದು ಅಂತ ತಾನೆ? ಬಾಯಿಬಿಟ್ಟು ಹೇಳ್ರೀ!"

ಸಿದ್ದಮಲ್ಲಪ್ಪ ಕೆಂಡವಾದರು. "ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಮಾತಾಡು! ನಾನು ಅಂಥ ಕಚಡಾ ಕೆಲಸ ಮಾಡೋನಾ?"

"ನೀವಲ್ದಿದ್ರೆ ಇನ್ಯಾರು? ಮನೇಲಿ ಇರೋರು ಇಬ್ರೇ!"

ಹಾಗೆಂದು ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಸುಂದ್ರಮ್ಮ ನಿಂತಿದ್ದಳು. ಮುಖ ಸುಣ್ಣವಾಗಿತ್ತು.

ಅವಳ ಮುಖ ನೋಡಿ ಅವನಿಗೆ ಅರ್ಥವಾಯಿತು. ಅರ್ಧ ಮಾತ್ರ.

ನಾನೇ ಒಡೆದೆ, ನಿಮ್ಮನ್ನ ನೋಡಬೇಕು ಅಂತ ಒಡೆದೆ... ಮಾತು ಗಂಟಲವರೆಗೂ ಬಂತು. ಎದುರಿಗೆ ಅಪ್ಪಯ್ಯ! ಹೇಗೆ ಹೇಳುತ್ತಾಳೆ? ಯಾವ ಬಾಯಲ್ಲಿ ಹೇಳುತ್ತಾಳೆ? ಬಾಗಿಲ ಚೌಕಟ್ಟು ಹಿಡಿದು ಸುಮ್ಮನೆ ನಿಂತಳು.

"ನೀನೂನಾ, ಸುಂದ್ರಮ್ಮ?" ಅವನ ದನಿ ಒಡೆದಿತ್ತು. "ಆಯ್ತು ಬುಡು. ಒಂಬೈನೂರು ಕೈಲಿ ಹಿಡ್ಕೊಳ್ಳೋವರ್ಗೂ ಈ ಹೊಸ್ತಿಲು ತುಳಿಯಾಕಿಲ್ಲ. ಸೂರಿಗೆ ಬೇರೆಯೋರ್ನ ಕಳಿಸ್ತೀನಿ."

ಹೋದ. ತಿರುಗಿ ನೋಡಲಿಲ್ಲ.

ಎರಡು ವರ್ಷ! ಸೂರಿಗೆ ಮಾದೇವ ಎಂಬ ಕೆಲಸದವನು ಬಂದುಹೋಗುತ್ತಿದ್ದ. ಸುಂದ್ರಮ್ಮನನ್ನು ನೋಡಲು ಪಕ್ಕದ ಊರುಗಳಿಂದ ಗಂಡುಗಳು ಬಂದವು. ಒಬ್ಬನ ಕಣ್ಣು ಸರಿಯಿಲ್ಲ ಅಂದಳು, ಒಬ್ಬನ ಅಮ್ಮ ಸರಿಯಿಲ್ಲ ಅಂದಳು. ಇಪ್ಪತ್ತನಾಲ್ಕಾಯಿತು. ಬೀದಿಯವರ ಬಾಯಿಗೆ ಬೀಗ ಹಾಕುವವರು ಯಾರು? ಸಿದ್ದಮಲ್ಲಪ್ಪ ಊಟಕ್ಕೆ ಕೂತಾಗ ತಟ್ಟೆಯನ್ನೇ ನೋಡುತ್ತಿದ್ದರು. ಬೈಯಲೂ ಆಗುತ್ತಿರಲಿಲ್ಲ ಅವರಿಗೆ.

ಎರಡನೆಯ ವರ್ಷ ಮಾದೇವ ಬಂದಾಗ ಅವಳು ತಡೆಯಲಾರದೆ ಕೇಳಿದಳು.

"ಅವರು ಹೆಂಗವ್ರೆ, ಮಾದೇವ?"

"ಏನೇಳಾನ ಅವ್ವ. ಕೈಬೆರಳು ಮಡಚ್ಕೊಂಡು ವಯಸ್ಸು ಎಣಿಸ್ತಾ ಕೂತಿರ್ತಾರೆ. ನಲವತ್ಮೂರಕ್ಕೆ ಮುಗೀಬೇಕಿತ್ತಂತೆ, ಈಗ ನಲವತ್ನಾಲ್ಕು ದಾಟ್ತದಂತೆ. ಈ ಸೂರಿಗೇ ಅರವತ್ತು ರೂಪಾಯಿ ಸುರಿದವ್ರಂತಲ್ಲ!"

"ಅವರ್ಯಾಕೆ ಸುರೀತಾರೆ? ಅಪ್ಪಯ್ಯ ಕೂಲಿ ಕೊಡ್ತಿರಲಿಲ್ವಾ?"

"ಎಲ್ಲಾದ್ರೂ ಉಂಟಾ ಅವ್ವ! ಭೋಗ್ಯದ ಮನೆ ಸೂರು ಯಾವಾಗ್ಲೂ ಒಡೇರ ತಲೆ ಮೇಲೇ."

ಸುಂದ್ರಮ್ಮ ಲೆಕ್ಕ ಹಾಕಿದಳು. ತಿಂಗಳಿಗೆ ನಾಲ್ಕು ರೂಪಾಯಿ. ಅರವತ್ತೆಂದರೆ ಹದಿನೈದು ತಿಂಗಳು! ಅವನ ಆಯುಸ್ಸಿನಿಂದ ಹದಿನೈದು ತಿಂಗಳು ನಾನೇ ಕಿತ್ತುಕೊಂಡೆನೆ? ಅವನು ಊಟ ಬಿಟ್ಟು, ಬಟ್ಟೆ ಬಿಟ್ಟು ಉಳಿಸಿದ್ದನ್ನು ನಾನು ಗಳ ಹಿಡಿದು ಚುಚ್ಚಿದೆನೆ?

ಆ ಸಂಜೆ ಅಪ್ಪನ ಕಾಲ ಬಳಿ ಕೂತು ಎಲ್ಲ ಹೇಳಿಬಿಟ್ಟಳು. ಅಳುತ್ತಳುತ್ತ, ಒಂದೂ ಬಿಡದೆ.

ಸಿದ್ದಮಲ್ಲಪ್ಪ ಮಗಳ ತಲೆಯ ಮೇಲೆ ಕೈಯಿಟ್ಟರು.

"ಆವತ್ತೇ ಹೇಳಿದ್ರೆ ನಾನೇನು ನಿನ್ನ ನುಂಗ್ತಿದ್ನಾ? ಈಗ್ಲೂ ಮನೇನ ಬಿಟ್ಟಿ ಬಿಟ್ಟುಕೊಡಾಕೆ ನನ್ನ ಕೈಲಿ ಆಗಾಕಿಲ್ಲ ಕಣವ್ವ. ಆ ಒಂಬೈನೂರು ಬಿಟ್ರೆ ನಂಗೇನೈತೆ? ನಾಳೆ ಕಾಲು ಚಾಚಾಕೆ ಜಾಗ ಎಲ್ಲೈತೆ?" ಎಂದವರು ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡರು. "ಆದ್ರೆ ಪತ್ರದಲ್ಲಿ ಮನೆ ಅಂತ ಬರೆದೈತೆ, ಮಗಳು ಅಂತ ಬರೆದಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೇ ಹುಣಸೂರಿಗೆ ಹೊರಡು. ನಾನೂ ಬತ್ತೀನಿ."

ಮರುದಿನ ಹುಣಸೂರಿನ ಡಿಪೋ ಬಾಗಿಲಿನ ಪಕ್ಕದ ದಿಮ್ಮಿಯ ಮೇಲೆ ಸಿದ್ದಮಲ್ಲಪ್ಪ ಕೂತರು. "ನೀನೇ ಹೋಗಿ ಮಾತಾಡು," ಎಂದು ಮುಖ ಆ ಕಡೆ ತಿರುಗಿಸಿಕೊಂಡರು.

ನೀಲಕಂಠಸ್ವಾಮಿ ಡಿಪೋದ ಹಿಂದಿನ ಒಂಟಿ ಕೋಣೆಯ ಬಾಗಿಲಲ್ಲಿ ಅಂಗಿಗೆ ತೇಪೆ ಹಾಕುತ್ತಿದ್ದ. ಮೂವತ್ತೆರಡಕ್ಕೇ ಕಿವಿಯ ಮೇಲೆ ನರೆ. ಅವಳನ್ನು ನೋಡಿ ಸೂಜಿ ಬೆರಳಿಗೆ ಚುಚ್ಚಿಕೊಂಡ.

"ಸುಂದ್ರಮ್ಮ! ನೀನಿಲ್ಲಿ... ಅಪ್ಪಯ್ಯ ಚೆನ್ನಾಗವ್ರಾ?"

"ಹೆಂಚು ನಾನೇ ಒಡೆದಿದ್ದು. ಅಪ್ಪಯ್ಯಂಗೆ ಏನೂ ಗೊತ್ತಿರಲಿಲ್ಲ."

"ಗೊತ್ತು. ಆವತ್ತು ನಿನ್ನ ಮುಖ ನೋಡ್ದಾಗ್ಲೇ ಗೊತ್ತಾಯ್ತು. ನಾನು ಗೆಲ್ಲಬಾರ್ದು ಅಂತ..."

"ಅಲ್ಲಾರೀ!" ಅವಳು ಕಿರುಚಿದಳು. ದಿಮ್ಮಿ ಉರುಳಿಸುತ್ತಿದ್ದವರು ತಿರುಗಿ ನೋಡಿದರು, ನೋಡಲಿ! "ನೀವು ವರ್ಷಕ್ಕೊಂದು ದಿನ ಬತ್ತಿದ್ರಿ. ಉಳಿದ ದಿನ ನಾನೇನು ಮಾಡ್ಲಿ? ಒಡೆದ್ರೆ ಬತ್ತಿದ್ರಿ... ಅದಕ್ಕೇ ಒಡೆದೆ. ಖರ್ಚು ಅಪ್ಪಯ್ಯಂದು ಅಂದ್ಕೊಂಡಿದ್ದೆ. ನಿಮ್ಮ ಹದಿನೈದು ತಿಂಗಳು ತಿಂದ್ಬಿಟ್ಟೆ ನಾನು... ಬೈರಿ, ಹೊಡೀರಿ, ಏನಾದ್ರೂ ಮಾಡ್ರಿ!"

ನೀಲಕಂಠಸ್ವಾಮಿ ಅಂಗಿಯನ್ನು ಕೆಳಗಿಟ್ಟ. ಅವನ ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ನಗು ಬಂತು.

"ಮಾದೇವನ್ನ ಕಳಿಸಿದ್ರೆ ಖರ್ಚು ಅರ್ಧ ಆಗ್ತಿತ್ತು ಕಣೇ. ಅದು ಮೊದಲ ದಿನದಿಂದ್ಲೂ ಗೊತ್ತಿತ್ತು ನಂಗೆ."

"ಮತ್ತೆ ಯಾಕೆ..."

"ಯಾಕೆ ನಾನೇ ಬತ್ತಿದ್ದೆ? ಮಜ್ಜಿಗೆ ಕುಡಿಯಾಕಾ?"

ಅವಳು ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಎಂಟು ವರ್ಷದ ಅಳು ಅದು, ಬೇಗ ಮುಗಿಯಲಿಲ್ಲ.

"ಆದ್ರೆ ಏನು ಪ್ರಯೋಜನ, ಹೇಳು?" ಅವನು ಗೋಡೆಗೆ ಒರಗಿದ. "ಇನ್ನೂ ಐನೂರ ಎಪ್ಪತ್ತಾರು ಬಾಕಿ. ನಂಗೆ ನಲವತ್ನಾಲ್ಕು ಆಗ್ಬೇಕು. ಅಲ್ಲೀವರ್ಗೂ ನಿನ್ನ ಕಾಯಿಸೋಕೆ ನಂಗೇನು ಹಕ್ಕಿದೆ? ಬೇರೆ ಕಡೆ ಮದುವೆ ಆಗು ಅನ್ನೋಕೆ ಬಾಯೇ ಬರಲ್ಲ. ಕೈಕಾಲು ಕಟ್ಟಿ ಹಾಕಿದಂಗಾಗೈತೆ."

"ಕಾಯೋರು ಯಾರು? ನಾನು ಕಾಯಾಕಿಲ್ಲ."

ಅವನ ಮುಖ ಕಪ್ಪಿಟ್ಟಿತು.

"ಈಗ್ಲೇ ಬತ್ತೀನಿ. ಈ ಕೋಣೆಗೇ ಬತ್ತೀನಿ. ಮನೆ ಬಂದಾಗ ಬರ್ಲಿ."

"ಅವ್ವಂಗೆ ಮಾತು ಕೊಟ್ಟಿದೀನಿ ಸುಂದ್ರ..."

"ಮನೆ ಬಿಡಿಸು ಅಂದಿದ್ರು. ಒಂಟಿಯಾಗಿ ಬಿಡಿಸು ಅಂತ ಅವ್ವ ಅಂದಿದ್ರಾ?"

ಇಲ್ಲ. ಅವ್ವ ಹಾಗೆಂದಿರಲಿಲ್ಲ. ಅದನ್ನು ಸೇರಿಸಿಕೊಂಡವನು ತಾನೇ. ಎಂಟು ವರ್ಷ ಅದನ್ನು ಅವ್ವನ ಮಾತೆಂದೇ ನಂಬಿದ್ದ.

"ಇಬ್ರಾದ್ರೆ ತಿಂಗಳಿಗೆ ಎರಡೇ ರೂಪಾಯಿ ಉಳಿಯೋದು," ಎಂದ ನಿಧಾನವಾಗಿ. ಬೆರಳು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಮುಖ ಎತ್ತಿದ. "ಐವತ್ತಾರು. ನಂಗೆ ಐವತ್ತಾರು ಆಯ್ತದೆ ಸುಂದ್ರ! ಅಷ್ಟೊತ್ತಿಗೆ ನಾನು ಮುದುಕ. ಆ ಮನೆ ನೋಡ್ತೀನೋ ಇಲ್ವೋ... ಗೊತ್ತಿದ್ದೂ ಬತ್ತೀಯಾ?"

"ಐವತ್ತಾರಲ್ಲ, ಅರವತ್ತಾರಾಗ್ಲಿ," ಎಂದಳು ಸುಂದ್ರಮ್ಮ, ಮೂಗು ಒರೆಸಿಕೊಳ್ಳುತ್ತ. "ಇವತ್ತು ರಾತ್ರಿ ನಿಮಗೆ ಊಟಕ್ಕೆ ಏನೈತೆ? ಅದು ಹೇಳಿ ಮೊದ್ಲು."

"ಬೆಳಿಗ್ಗೆದು ತಂಗಳು ಮುದ್ದೆ ಐತೆ... ಯಾಕೆ?"

"ಹೋಗಿ ಅಪ್ಪಯ್ಯನ್ನ ಒಳಗೆ ಕರೀರಿ, ಬಿಸಿಲಲ್ಲಿ ಕೂತವ್ರೆ. ಒಲೆ ಎಲ್ಲಿ ಅಂತ ತೋರಿಸಿ. ಇನ್ಮೇಲೆ ತಂಗಳು ತಿನ್ನೋದು ಬೇಡ."

ಅವನು ಮೂಲೆಯಲ್ಲಿದ್ದ ಮೂರು ಕಲ್ಲಿನ ಒಲೆಯ ಕಡೆ ಕೈ ಮಾಡಿದ.

"ಸೌದೆ ಹಸಿ ಐತೆ ಸುಂದ್ರ. ಹೊಗೆ ಆಯ್ತದೆ."

"ಆಗ್ಲಿ. ಅತ್ತು ಅತ್ತು ನನ್ನ ಕಣ್ಣು ಆಗ್ಲೇ ಕೆಂಪಾಗೈತೆ. ಹೊಗೆಯಾದ್ರೆ ಅತ್ತಿದ್ದು ಯಾರಿಗೂ ಗೊತ್ತಾಗಾಕಿಲ್ಲ ಬುಡಿ."