ನಡು ತಗ್ಗಿದ ದಂಬೆ

“ಏಣಿ ಎತ್ಕೊಂಡು ಬಾ. ಈಗಲೇ.”

ಕಟ್ಟುತ್ತಿದ್ದ ದೋಣಿಯ ಹಲಗೆಗೆ ಉಳಿ ಹಿಡಿದಿದ್ದ ಗಾರ್ವಿನ್ ತಲೆ ಎತ್ತಿದ. ಕಡಲ ದಂಡೆಯ ಮರಳಿನಲ್ಲಿ ಆರ್ಡಿನ್ ನಿಂತಿದ್ದಳು. ಕೂದಲಿನಿಂದ ನೀರಿಳಿಯುತ್ತಿತ್ತು, ಮೊಣಕೈವರೆಗೂ ಹಿಟ್ಟು ಮೆತ್ತಿತ್ತು, ಕಣ್ಣುಗಳು ಕೆಂಪಾಗಿದ್ದವು.

“ಏನಾಯ್ತು?”

“ನಾಲ್ಕು ತಿಂಗಳಾದ್ಮೇಲೆ ಮಳೆ ಬಂತು. ಕಾಲು ಗಂಟೆ ಸುರೀತು. ನನ್ನ ತೊಟ್ಟಿಗೆ ಒಂದು ಹನಿ ಬಿದ್ದಿಲ್ಲ. ನೀನು ಹಾಕಿದ ಹೊಸ ದಂಬೆಯಿಂದ ಎಲ್ಲಾ ನೀರೂ ಅಂಗಳದ ಮಣ್ಣುಪಾಲಾಯ್ತು.”

ಗಾರ್ವಿನ್‌ನ ಕೈಯಿಂದ ಉಳಿ ಜಾರಿತು.

ನಮ್ಮ ಕ್ಯಾರಿಯಾಕೂ ದ್ವೀಪದಲ್ಲಿ ಈ ಮಾತಿನ ತೂಕ ಗೊತ್ತಿಲ್ಲದವರಿಲ್ಲ. ಹೊಳೆಯಿಲ್ಲ, ಕೆರೆಯಿಲ್ಲ, ಸೂರಿನಂಚಿಗೆ ಕಟ್ಟಿದ ದಂಬೆಯ ಕಾಲುವೆ ಮಳೆನೀರು ಹಿಡಿದು ತೊಟ್ಟಿಗೆ ಇಳಿಸಿದ್ದಷ್ಟೇ ನೀರು. ಹೋದ ವರ್ಷದ ಚಂಡಮಾರುತ ಆರ್ಡಿನ್‌ಳ ಮನೆಯ ಸೂರು, ದಂಬೆ ಎರಡನ್ನೂ ಹೊತ್ತುಕೊಂಡು ಹೋಗಿತ್ತು. ಹೊಸ ಸೂರು ಎದ್ದರೂ ತೊಟ್ಟಿಯ ತಳ ಕಾಣುತ್ತಿತ್ತು. ಬ್ರೆಡ್ ಮಾಡಿ ಮಾರಿಯೇ ಅವಳ ಬದುಕು, ನೀರಿಲ್ಲದೆ ಹೇಗೆ ಮಾಡುವುದು? ಈ ವಾರ ತೊಟ್ಟಿಗೆ ನೀರು ಬರದಿದ್ದರೆ ಅಂಗಡಿ ಮುಚ್ಚಿ, ಶನಿವಾರದ ದೋಣಿ ಹತ್ತಿ, ಗ್ರೆನಡಾದಲ್ಲಿರುವ ಅಕ್ಕನ ಮನೆ ಸೇರುವುದೆಂದು ಅವಳು ತೀರ್ಮಾನಿಸಿದ್ದಳು. ಅಂದು ಗುರುವಾರ.

ಗಾರ್ವಿನ್ ಏಣಿ ಹೊತ್ತು ಗುಡ್ಡ ಹತ್ತಿದ. ಮುಂದೆ ಅವಳು, ಹಿಂದೆ ಅವನು.

‘ದಂಬೆ ಹಾಕ್ತಾ ಮೂರು ದಿನ ನನ್ನ ಅಂಗಳದಲ್ಲೇ ಇದ್ದ. ಎಷ್ಟು ಮೆತ್ತಗೆ ಮಾತಾಡ್ತಿದ್ದ... ನಾನೊಬ್ಬಳು ಹುಚ್ಚಿ, ಬಿಸಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಹಚ್ಚಿ ಕೊಟ್ಟೆ. ಅವನು ನಕ್ಕರೆ ನನಗೂ ನಗು ಬರ್ತಿತ್ತು.’

ಅದನ್ನು ನೆನೆದಷ್ಟೂ ಅವಳ ಸಿಟ್ಟು ಏರಿತು. ಗುರುತಿಲ್ಲದವನೊಬ್ಬ ಕೆಲಸ ಕೆಡಿಸಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ದಂಬೆಯ ನಡುವೆ ಇನ್ನೂ ನೀರು ನಿಂತಿತ್ತು. ತೊಟ್ಟಿಗಿಳಿಯುವ ಪೈಪಿದ್ದ ತುದಿ ಮಾತ್ರ ಖಾಲಿ.

“ಗೋಡೆ ಸ್ವಲ್ಪ ವಾಲಿದೆ ಅನ್ಸುತ್ತೆ...” ಗಾರ್ವಿನ್ ತೊದಲಿದ.

“ಕುಣಿಯೋಕೆ ಬಾರದವನು ನೆಲ ಡೊಂಕು ಅಂದನಂತೆ,” ಎಂದಳು ಆರ್ಡಿನ್.

ಬೇಲಿಯಾಚೆಯಿಂದ ಪಕ್ಕದ ಮನೆಯ ಮ್ಯೂರಿಯಲ್ ದೊಡ್ಡಮ್ಮ ಇಣುಕಿದಳು. ಅವಳ ಅಪ್ಪ, ಗಂಡ, ಮಾವ ಎಲ್ಲರೂ ದೋಣಿ ಕಟ್ಟಿದವರೇ. ಒಂದು ಕಣ್ಣು ಮುಚ್ಚಿ ದಂಬೆಯನ್ನು ಉದ್ದಕ್ಕೂ ನೋಡಿದವಳು ಬಿದ್ದು ಬಿದ್ದು ನಕ್ಕಳು.

“ಲೋ ಗಾರ್ವಿನ್, ದೋಣಿ ಅಂಚು ಕಟ್ಟಿದ್ದೀಯಲ್ಲೋ! ನಡು ತಗ್ಗು, ಎರಡು ತುದೀನೂ ಎತ್ತರ. ಸಮುದ್ರಕ್ಕಿಳಿಸು, ಚೆನ್ನಾಗಿ ತೇಲುತ್ತೆ. ನೀರು ಪೈಪಿಗೆ ಹೋಗಬೇಕು ಅಂದ್ರೆ ಆ ಕಡೆಗೆ ವಾಟ ಬೇಡವೇನೋ?”

ಗಾರ್ವಿನ್‌ನ ಮುಖ ಸಪ್ಪಗಾಯಿತು. ರಸಮಟ್ಟ ಮುಟ್ಟದೆ ಕಣ್ಣಳತೆಯಲ್ಲೇ ದೋಣಿ ಕಟ್ಟುವ ಕೈ ಅದು. ತನಗೆ ಚೆಂದ ಕಂಡ ಗೆರೆಯನ್ನೇ ಸೂರಿನ ಕೆಳಗೂ ಎಳೆದುಬಿಟ್ಟಿತ್ತು.

“ಇಲ್ಲೀವರೆಗೆ ಎಷ್ಟು ಮನೆಗೆ ದಂಬೆ ಹಾಕಿದ್ದೀಯ?” ಆರ್ಡಿನ್ ಕೇಳಿದಳು.

“ಒಂದು.”

“ಯಾವುದು?”

“ಇದೇ.”

“ಹತ್ತು ಮನೆ ಅಂದಿದ್ದೆ ನನ್ನ ಹತ್ರ.”

“ಸುಳ್ಳು ಹೇಳಿದ್ದೆ.”

“ಯಾಕೆ?”

ಅವನು ಏಣಿಯನ್ನು ದಂಬೆಯ ಕೆಳಗೆ ನಿಲ್ಲಿಸಿದ. ಮ್ಯೂರಿಯಲ್ ದೊಡ್ಡಮ್ಮ ಸದ್ದಿಲ್ಲದೆ ಒಳಗೆ ಹೋದಳು.

“ನನ್ನ ನೀರು ನಿನಗೆ ಆಟ ಆಯ್ತಾ ಗಾರ್ವಿನ್? ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದೆಯಲ್ಲ...”

“ಮೊದಲು ಸರಿ ಮಾಡ್ತೀನಿ. ಆಮೇಲೆ ಏನು ಬೇಕಾದ್ರೂ ಅನ್ನು.”

ಅವನು ದಂಬೆ ಹಿಡಿದಿದ್ದ ಕೊಕ್ಕೆಗಳನ್ನೆಲ್ಲ ಕಳಚಿದ. ಆಚೆ ತುದಿಯಿಂದ ಪೈಪಿನ ತುದಿಗೆ ನಾಲ್ಕು ಬೆರಳು ಇಳಿಯುವಂತೆ ದಾರ ಎಳೆದು ಕಟ್ಟಿ, ದಾರದ ಗುಂಟ ಮತ್ತೆ ಕೊಕ್ಕೆ ಹೊಡೆದ. ಬಿಸಿಲು ನೆತ್ತಿಗೇರಿತು. ಅವಳು ನೀರು ಬೇಕಾ ಎಂದು ಕೇಳಲಿಲ್ಲ, ಅವನೂ ಕೇಳಲಿಲ್ಲ.

“ನನ್ನ ಕಣ್ಣನ್ನ ಇನ್ನು ನಾನೇ ನಂಬಲ್ಲ. ನೀರು ಸುರಿದು ನೋಡಬೇಕು,” ಎಂದ ಕೊನೆಗೆ.

“ಕೊಡದಲ್ಲಿ ಇರೋದು ನಾಳೆ ಹಿಟ್ಟು ಕಲಸೋಕೆ. ಒಂದು ಲೋಟಾನೂ ಕೊಡಲ್ಲ.”

ಗಾರ್ವಿನ್ ತಲೆಯಾಡಿಸಿ ಗುಡ್ಡ ಇಳಿದು ಹೋದ. ‘ಹೋದ... ಹೋಗಲಿ. ಇಷ್ಟೇ ಇವನ ಹಣೆಬರಹ.’ ಹಾಗೆಂದುಕೊಂಡರೂ ಅವಳ ಕಣ್ಣು ದಾರಿಯ ಮೇಲೇ ಇತ್ತು.

ಅರ್ಧ ಗಂಟೆಯ ಮೇಲೆ ಅವನು ಬಂದ, ಎರಡು ಕೈಯಲ್ಲೂ ತುಂಬಿದ ಬಕೆಟ್. ಚಂಡಮಾರುತಕ್ಕೆ ಅವನ ತೊಟ್ಟಿ ಸೀಳಿಹೋಗಿತ್ತು. ಅವನಿಗಿದ್ದದ್ದು ಒಂದೇ ಪೀಪಾಯಿ ನೀರು. ಅದು ಊರಿಗೆಲ್ಲ ಗೊತ್ತಿತ್ತು.

“ಅದು ನೀನು ಕುಡಿಯೋ ನೀರು...”

“ಪೈಪಿನ ಹತ್ರ ನಿಂತ್ಕೋ. ಬಂದ್ರೆ ಹೇಳು.”

ಮೊದಲ ಬಕೆಟ್ ಸುರಿದ. ನೀರು ಓಡಿಬಂದು, ಪೈಪಿಗೆ ಎರಡು ಮೊಳ ಇರುವಾಗ ನಿಂತು, ಅಂಚು ತುಳುಕಿ ಮಣ್ಣಿಗೆ ಬಿತ್ತು. ಆರ್ಡಿನ್ ತುಟಿ ಕಚ್ಚಿದಳು. ಅವನು ಅಲ್ಲಿ ಜೋತಿದ್ದ ಕೊಕ್ಕೆಯನ್ನು ಕಿತ್ತು ಒಂದು ಬೆರಳು ಮೇಲೆ ಹೊಡೆದ.

ಎರಡನೇ ಬಕೆಟ್. ಇನ್ನು ಬಕೆಟ್ ಇರಲಿಲ್ಲ.

ಪೈಪಿನ ಬಾಯಿಗೆ ಒಡ್ಡಿದ್ದ ಅವಳ ಅಂಗೈ ತಣ್ಣಗಾಯಿತು.

“ಬಂತು... ಗಾರ್ವಿನ್, ಬರ್ತಾ ಇದೆ.”

ಅವನು ಏಣಿಯ ಮೇಲೆಯೇ ಕುಸಿದು ಕುಳಿತ. ಅವಳತ್ತ ನೋಡದೆ ಹೇಳಿದ:

“ಮೂರು ವರ್ಷದಿಂದ ದಿನಾ ನಿನ್ನ ಅಂಗಡಿಗೆ ಬರ್ತೀನಿ. ಬ್ರೆಡ್ ತಗೊಳ್ಳೋಕೆ ಎರಡು ನಿಮಿಷ. ದಂಬೆ ಹಾಕೋಕೆ ಮೂರು ದಿನ ಬೇಕು ಅಂತ ಗೊತ್ತಾದಾಗ ಆಸೆ ತಡೆಯೋಕಾಗ್ಲಿಲ್ಲ. ಅದಕ್ಕೇ ಸುಳ್ಳು ಹೇಳಿದೆ. ನಿನ್ನ ಹತ್ರ ಇರೋ ಆಸೆಗೆ ನಿನ್ನ ನೀರನ್ನೇ ಕಳೆದೆ. ಕ್ಷಮಿಸು ಅಂತ ಕೇಳೋಕೂ ಮುಖ ಇಲ್ಲ ನನಗೆ.”

ಆರ್ಡಿನ್ ಅಂಗೈಯಲ್ಲಿದ್ದ ನೀರನ್ನು ಚೆಲ್ಲದೆ ಹಾಗೇ ಹಿಡಿದು ನಿಂತಿದ್ದಳು. ಅವನು ಏಣಿ ಮಡಚಿಕೊಂಡು ಹೋದ.

ಶುಕ್ರವಾರ ಮಧ್ಯಾಹ್ನ ಕಡಲಿನ ಕಡೆಯಿಂದ ಮೋಡ ಕವಿಯಿತು. ಆರ್ಡಿನ್ ಓಡಿಹೋಗಿ ತೊಟ್ಟಿಯ ಗೋಡೆಗೆ ಕಿವಿಯಿಟ್ಟಳು. ಮಳೆ ಬಿತ್ತು. ಒಂದು ಕ್ಷಣ ಏನೂ ಇಲ್ಲ... ಆಮೇಲೆ ತೊಟ್ಟಿಯೊಳಗೆ ಧೋ ಎಂದು ನೀರು ಧುಮ್ಮಿಕ್ಕಿತು. ಅವಳು ಅಳುತ್ತಾ ನಕ್ಕಳು.

ಅಂಗಳದಲ್ಲಿ ಗಾರ್ವಿನ್ ತೊಯ್ದು ತೊಪ್ಪೆಯಾಗಿ ನಿಂತು, ದಂಬೆಯ ಅಂಚನ್ನೇ ದಿಟ್ಟಿಸುತ್ತಿದ್ದ. ಯಾವಾಗ ಬಂದನೋ ಅವಳಿಗೆ ತಿಳಿಯಲಿಲ್ಲ.

“ತುಂಬ್ತಾ ಇದೆ,” ಎಂದಳು.

“ಒಳ್ಳೇದಾಯ್ತು. ಹಾಗಾದ್ರೆ ನಾಳೆ... ನೀನು ಹೋಗಲ್ಲ ಅಲ್ವಾ?”

“ಅಕ್ಕನಿಗೆ ಫೋನ್ ಮಾಡಿ ಬರಲ್ಲ ಅಂತ ಹೇಳಿಯಾಯ್ತು.”

“ಈಗಲಾ?”

“ನಿನ್ನೆ. ನೀನು ಏಣಿ ತಗೊಂಡು ಗುಡ್ಡ ಇಳಿದು ಹೋದ ಮೇಲೆ.”

ಅವನು ಮುಖದ ಮೇಲಿನ ನೀರು ಒರೆಸಿಕೊಂಡ.

“ನಿನ್ನೆ ತೊಟ್ಟೀಲಿ ನೀರೇ ಇರ್ಲಿಲ್ಲ ಆರ್ಡಿನ್.”

“ಇರ್ಲಿಲ್ಲ.”

“ಮಳೆ ಬರದೇ ಹೋಗಿದ್ರೆ?”

“ನಿನ್ನ ಜೊತೆ ಬಾಯಾರ್ಕೊಂಡು ಇರ್ತಿದ್ದೆ,” ಎಂದಳು ಆರ್ಡಿನ್. “ಒಳಗೆ ಬಾ, ನೆನೀಬೇಡ.”