ಪಕ್ಕದ ಉಸಿರು

ತನ್ನ ಉಸಿರನ್ನು ಗಮನಿಸಲು ಹೋಗಿ ಪಕ್ಕದವನ ಉಸಿರಿಗೆ ಮನಸೋತವರು ಲೋಕದಲ್ಲಿ ಎಷ್ಟು ಜನರಿದ್ದಾರೋ ಕಾಣೆ. ನಮ್ಮ ಟೈಲರಮ್ಮ ಅಂಥವರಲ್ಲಿ ಒಬ್ಬಳು.

ನಿದ್ದೆಯಿಲ್ಲದೆ ಒದ್ದಾಡುತ್ತಿದ್ದ ತಂಗಿಯನ್ನು ಧ್ಯಾನಕ್ಕೆ ಸೇರಿಸಿದ್ದು ಅವಳ ಅಕ್ಕ. ಔಷಧಿ ಅಂಗಡಿಯ ಮಹಡಿಯ ಮೇಲೊಂದು ಉದ್ದನೆಯ ಕೋಣೆ, ಬೆಳಗಿನ ಹೊತ್ತು, ಸಾಲಾಗಿ ದಿಂಬುಗಳು. ಬೌದ್ಧ ಭಿಕ್ಷುವಾಗಿದ್ದ ಗುರುಗಳು ಹೇಳಿಕೊಟ್ಟಿದ್ದು ಇಷ್ಟೇ: ಮೂಗಿನ ತುದಿಯಲ್ಲಿ ಗಮನವಿಡಿ, ಉಸಿರು ಬಂದರೆ ಬಂತೆಂದು ತಿಳಿಯಿರಿ, ಹೋದರೆ ಹೋಯಿತೆಂದು ತಿಳಿಯಿರಿ, ಹಿಡಿಯಲು ಮಾತ್ರ ಹೋಗಬೇಡಿ. ಕೇಳಲು ಬಲು ಸುಲಭ. ಆದರೆ ಸೂಜಿಗೆ ದಾರ ಪೋಣಿಸುವಾಗ, ಬಟ್ಟೆಗೆ ಕತ್ತರಿ ಇಡುವಾಗ ಉಸಿರು ಬಿಗಿಹಿಡಿದೇ ಬದುಕಿದವಳು ಅವಳು. ಗಮನ ಕೊಟ್ಟ ತಕ್ಷಣ ಅವಳ ಉಸಿರು ನಾಚಿಕೆಯ ಮಗುವಿನಂತೆ ಬಾಗಿಲ ಹಿಂದೆ ಸೇರಿಕೊಳ್ಳುತ್ತಿತ್ತು.

ಪಕ್ಕದ ದಿಂಬಿನ ಮೇಲೆ ಬೇಕರಿಯವನು ಕೂರುತ್ತಿದ್ದ. ಬಿಸಿ ಬ್ರೆಡ್ಡಿನ ವಾಸನೆಯನ್ನು ಅಂಗಿಯಲ್ಲೇ ಹೊತ್ತು ತರುವ, ಕಿವಿಯ ಹಿಂದೆ ಸದಾ ಒಂದಿಷ್ಟು ಹಿಟ್ಟು ಉಳಿಸಿಕೊಂಡಿರುವ ಮನುಷ್ಯ. ಅವನ ಉಸಿರು ನಿಧಾನ, ದೀರ್ಘ, ಕೊನೆಯಲ್ಲಿ ಸಣ್ಣದೊಂದು ನಡುಕ. ಆ ನಡುಕವನ್ನು ಸರಿಯಾಗಿ ಕೇಳಿಸಿಕೊಳ್ಳಲೆಂದು ಅವಳು ತನ್ನ ಉಸಿರನ್ನೇ ತಡೆಹಿಡಿಯತೊಡಗಿದಳು. ಧ್ಯಾನವೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಮನೆಗೆ ಬಂದರೆ ಮುಖ ಮಾತ್ರ ಅರಳಿರುತ್ತಿತ್ತು. ಇದು ಗುರುಗಳ ಮಹಿಮೆಯೋ ಬನ್ನಿನ ಮಹಿಮೆಯೋ ಎಂದು ಅಕ್ಕ ಕಾಲೆಳೆಯುತ್ತಿದ್ದಳು.

ಮೆಟ್ಟಿಲ ಬಳಿ ಚಪ್ಪಲಿ ಹಾಕಿಕೊಳ್ಳುವಾಗ ಒಂದು ನೋಟ, ಅರ್ಧ ನಗು. ಒಮ್ಮೆ ಅವನೇ ಕೇಳಿದ, "ಉಸಿರು ಸಿಕ್ತಾ?"

"ನಂದಂತೂ ಇಲ್ಲ," ಎಂದಳು.

ಅವನ ಕಿವಿ ಕೆಂಪಾಯಿತು. ಹೊಲಿಗೆ ಮೆಷಿನ್ನಿನ ಮುಂದೆ ಕೂತು ಅವಳು ದಿನವಿಡೀ ಆ ಕೆಂಪನ್ನೇ ನೆನೆದಳು. ಒಂದು ಅಂಗಿಗೆ ಎರಡೂ ಎಡಗೈ ತೋಳುಗಳನ್ನೇ ಜೋಡಿಸಿಬಿಟ್ಟಿದ್ದಳು, ಪುಣ್ಯಾತ್ಗಿತ್ತಿ.

ಹೀಗಿರುವಾಗ ಗುರುಗಳು ಅವಳನ್ನು ಕರೆದು ಒಂದು ಚೀವರ ಹೊಲಿದುಕೊಡಬೇಕಮ್ಮ ಎಂದರು. ತುಂಡು ಬಟ್ಟೆಗಳನ್ನು ಜೋಡಿಸಿ ಮಾಡುವ, ಭಿಕ್ಷುಗಳ ಹೊದಿಕೆ ಅದು. ಹೊಸಬರೊಬ್ಬರು ಸನ್ಯಾಸ ತೆಗೆದುಕೊಳ್ಳುತ್ತಿದ್ದಾರೆ, ಅಳತೆಗೆ ಹೊಲಿಗೆ ಅಂಗಡಿಗೇ ಬರುತ್ತಾರೆ ಎಂದರು. ಪುಣ್ಯದ ಕೆಲಸವೆಂದು ಅವಳು ಸಂತೋಷದಿಂದಲೇ ಒಪ್ಪಿದಳು.

ಸಂಜೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದವನು ಬೇಕರಿಯವನು.

ಅವಳು ಟೇಪು ಕೈಗೆತ್ತಿಕೊಂಡಳು. ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡು ಅಳತೆ ತೆಗೆಯಲು ನಿಂತಳು. ಬಾಯಿ ಬಿಟ್ಟರೆ ಅಳು ಬರುವುದು ಖಂಡಿತವಿತ್ತು. ಟೇಪು ಹೆಗಲಿನಿಂದ ಹಿಮ್ಮಡಿಗೆ ಇಳಿಯುತ್ತಿದ್ದಾಗ ಅವನೇ ಮಾತಾಡಿದ. ಬೇಕರಿಯನ್ನು ತಮ್ಮನಿಗೆ ವಹಿಸಿದ್ದಾಯಿತಂತೆ. ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಹಾಸಿಗೆಯ ಪಕ್ಕ ಕೂತು ಅವಳ ಉಸಿರನ್ನೇ ಕೇಳುತ್ತಿದ್ದನಂತೆ. ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಒಂದು ಸಲ ಬರಲೇ ಇಲ್ಲ.

"ಧ್ಯಾನಕ್ಕೆ ಕೂತ್ರೆ ನಂಗೆ ನಿಮ್ಮ ಉಸಿರೇ ಕೇಳ್ಸತ್ತೆ," ಎಂದ. "ಮಧ್ಯೆ ಮಧ್ಯೆ ನಿಂತುಹೋಗತ್ತೆ. ಮತ್ತೆ ಶುರುವಾಗೋವರೆಗೂ ಜೀವ ಬಾಯಿಗೆ ಬಂದಿರತ್ತೆ. ನೀವು ತುಂಬ ಇಷ್ಟ ಆಗಿಬಿಟ್ಟಿದ್ದೀರಿ. ಇನ್ನೊಂದು ಸಲ ಹಾಗೆ ಕಾಯೋ ಶಕ್ತಿ ನನಗಿಲ್ಲ."

ಅವಳು ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು.

"ನಾನು ಉಸಿರು ಹಿಡೀತಿದ್ದಿದ್ದು ನಿಮ್ಮದು ಕೇಳಿಸ್ಲಿ ಅಂತ."

ಅವನು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. ಇನ್ನು ಎಲ್ಲಿಗೂ ಹೋಗುವುದಿಲ್ಲ ಇವನು ಎಂದೇ ಅವಳು ಆ ಗಳಿಗೆಯಲ್ಲಿ ನಂಬಿದಳು.

"ಹಾಗಾದ್ರೆ ಇರಿ," ಎಂದಳು.

"ಇಷ್ಟು ದಿನ ನೀವಾಗೇ ಹಿಡಿದ್ರಿ. ಒಂದಿನ ಅದಾಗೇ ನಿಲ್ಲತ್ತಲ್ಲ," ಎಂದ ಅವನು. "ಅವತ್ತು ನಾನು ಪಕ್ಕದಲ್ಲಿರಲಾರೆ."

ಇಂಥ ಹರಕಿಗೆ ಯಾವ ಟೈಲರ್ ತಾನೇ ತೇಪೆ ಹಾಕಿಯಾಳು? ಚೀವರ ಹೊಲಿದಳು. ಒಂದು ಹೊಲಿಗೆಯೂ ಡೊಂಕಾಗಲಿಲ್ಲ. ಅಕ್ಕ ಕಾಲೆಳೆಯುವುದನ್ನು ನಿಲ್ಲಿಸಿ ಪಕ್ಕದಲ್ಲಿ ಕೂತು ಗುಂಡಿ ಡಬ್ಬಿ ಜೋಡಿಸುತ್ತಿದ್ದಳು.

ಅವನು ಹೊರಟುಹೋದ ಮೇಲೂ ಅವಳು ಮಹಡಿ ಹತ್ತಿದಳು. ಪಕ್ಕದ ದಿಂಬು ಖಾಲಿ. ಅಭ್ಯಾಸಬಲದಿಂದ ಕಿವಿಗೊಟ್ಟಳು, ಉಸಿರು ತಡೆದಳು. ಕೇಳಲು ಏನೂ ಇರಲಿಲ್ಲ. ತಡೆದ ಉಸಿರು ತಾನಾಗಿಯೇ ಹೊರಗೆ ಹೋಯಿತು, ತಾನಾಗಿಯೇ ಒಳಗೆ ಬಂತು. ಮೂಗಿನ ತುದಿಯಲ್ಲಿ ತಣ್ಣಗೆ, ಬೆಚ್ಚಗೆ, ಸ್ಪಷ್ಟವಾಗಿ ತಿಳಿಯಿತು.

ಅವಳ ಕೆನ್ನೆಯ ಮೇಲೆ ನೀರು ಇಳಿಯುವುದನ್ನು ಕಂಡು ಗುರುಗಳು ಮೆಲ್ಲಗೆ ಕೇಳಿದರು, "ಉಸಿರು ಸಿಕ್ತೇನಮ್ಮ?"

"ಸಿಕ್ತು ಗುರುಗಳೇ," ಎಂದಳು. "ನಂದು ಮಾತ್ರ ಸಿಕ್ತು."